ಟೆಕ್ಸಸ್‌ನಲ್ಲಿ ಕಾಮನ್ ಕೋರ್ ಪುಸ್ತಕ ಬೇಕಾ?

ಟೆಕ್ಸಸ್‌ಗೆ ಬಂದಿದ್ದೀವಿ, ಮೂರನೇ ಕ್ಲಾಸಿನ ಮಗಳಿಗೆ ಕಾಮನ್ ಕೋರ್ ಇಂಗ್ಲಿಷ್ ವರ್ಕ್‌ಬುಕ್ ಕೊಳ್ಳಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಕಾಮನ್ ಕೋರ್ ಅಂದರೆ ಯಾವ ಕ್ಲಾಸಿನಲ್ಲಿ ಏನು ಕಲಿಯಬೇಕು ಅಂತ ಅಮೆರಿಕದ ಹಲವು ರಾಜ್ಯಗಳು ಒಪ್ಪಿಕೊಂಡ ಪಟ್ಟಿ. ಟೆಕ್ಸಸ್ ಕಾಮನ್ ಕೋರ್ ಒಪ್ಪಿಕೊಂಡೇ ಇಲ್ಲ. ಅದನ್ನು ಶಾಲೆಗಳು ಬಳಸಬಾರದು ಅಂತ 2013ರಲ್ಲಿ ಕಾನೂನೇ ಆಯಿತು. ಇಲ್ಲಿ ನಡೆಯುವುದು ರಾಜ್ಯದ ಶಿಕ್ಷಣ ಮಂಡಳಿ ಮಾಡಿದ ‘ಟೀಕ್ಸ್’ (TEKS) ಅನ್ನುವ ಇಂಥದ್ದೇ ಪಟ್ಟಿ. ಟೆಕ್ಸಸ್ ಎಜುಕೇಶನ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಮೂರನೇ ಕ್ಲಾಸಿನ ಭಾಗ ಓದಿ.

ಓದಿನಲ್ಲಿ ಎರಡೂ ತುಂಬಾ ಹತ್ತಿರ. ಆದರೆ ಕರ್ಸಿವ್, ಅಂದರೆ ಅಕ್ಷರ ಕೂಡಿಸಿ ಬರೆಯುವ ಬರವಣಿಗೆ, ಗಮನಿಸಿ. ಟೀಕ್ಸ್‌ನಲ್ಲಿ ಎರಡನೇ ಕ್ಲಾಸಿಗೇ ಕರ್ಸಿವ್ ಅಕ್ಷರ ಶುರು, ಮೂರರಲ್ಲಿ ಪೂರ್ತಿ ಉತ್ತರವನ್ನೇ ಕರ್ಸಿವ್‌ನಲ್ಲಿ ಬರೆಯಬೇಕು. ಕಾಮನ್ ಕೋರ್‌ನಲ್ಲಿ ಅದಿಲ್ಲ.

ಕಥೆ ಓದಿದ ಮೇಲೆ ‘ನಿನಗೆ ಹಾಗೆ ಅನಿಸಿದ್ದು ಯಾವ ಸಾಲಿನಿಂದ?’ ಅಂತ ದಿನಾ ಕೇಳಿ. ಕನ್ನಡ ಕಥೆಯಾದರೂ ಸರಿ, ಆ ಅಭ್ಯಾಸ ಇಂಗ್ಲಿಷಿಗೂ ಬರುತ್ತದೆ.