ಹೊಸ ತೊಟ್ಟಿಯಲ್ಲಿ ಅಮೋನಿಯಾ ಏರುತ್ತಿರುವುದಕ್ಕೆ

ಮೀನು ಸಾಕಣೆ ವಿಸ್ತರಿಸಲು ಮಾಡಿದ ಹೊಸ ತೊಟ್ಟಿಗೆ ಮೀನು ಬಿಟ್ಟ ಮೂರೇ ದಿನಕ್ಕೆ ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಏರಿದೆ, ನೀರು ಮಾತ್ರ ತಿಳಿಯಾಗಿದೆ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಜೈವಿಕ ಫಿಲ್ಟರಿನಲ್ಲಿ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಇನ್ನೂ ನೆಲೆಸಿಲ್ಲ. ನೀರು ತಿಳಿಯಾಗಿದೆ ಎಂಬುದನ್ನು ನಂಬಬೇಡಿ. ಮೊದಲು ಮೀನುಗಳನ್ನು ಹಳೆಯ ತೊಟ್ಟಿಗೇ ಮರಳಿಸಿ. ಆಮೇಲೆ ರೋಗವಿಲ್ಲದ ಹಳೆಯ ತೊಟ್ಟಿಯ ಫಿಲ್ಟರಿನಿಂದ ಬ್ಯಾಕ್ಟೀರಿಯಾ ಅಂಟಿರುವ ಒಂದಷ್ಟು ಸ್ಪಂಜು, ಬಿಲ್ಲೆಗಳನ್ನು ತಂದು ಹೊಸ ಫಿಲ್ಟರಿಗೆ ಸೇರಿಸಿ. ಅವನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಮೀನಿಲ್ಲದ ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗೆ ಆಹಾರವಾಗಿ, ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ತೋರಿಸುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ, ದಿನವೂ ಅಳೆಯಿರಿ. ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ಅದು ಒಡೆದು ಆಗುವ ನೈಟ್ರೈಟ್ ಎರಡೂ ಸೊನ್ನೆಗಿಳಿದರೆ ತೊಟ್ಟಿ ಸಿದ್ಧ. ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ತಣ್ಣೀರಾದರೆ ಇನ್ನೂ ಹೆಚ್ಚು. ತೊಟ್ಟಿ ಕಾಂಕ್ರೀಟಿನದಾ? ಹಾಗಿದ್ದರೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕೂಡ ನೋಡಿ: ಕಾಂಕ್ರೀಟಿನ ಸುಣ್ಣದಂಶ ನೀರಿಗೆ ಸೇರಿ ಅದು ಏರಿದ್ದರೆ, ಅಷ್ಟೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ತೊಟ್ಟಿ ಸಿದ್ಧವಾದ ಮೇಲೂ ಮೀನುಗಳನ್ನು ಒಟ್ಟಿಗೆ ಬಿಡದೆ ಸ್ವಲ್ಪಸ್ವಲ್ಪವಾಗಿ ಬಿಡಿ.