ಸಂಪಾದಕರ ಉತ್ತರ: ಬಂದೂಕಿನ ಕಾವಲು, ಗುಜರಿಯ ತಕ್ಕಡಿ

ಧಾರವಾಡದ ನಿವೃತ್ತ ಭೌತವಿಜ್ಞಾನ ಅಧ್ಯಾಪಕರೊಬ್ಬರು ನಮ್ಮ ಮೇಲೆ ಮುನಿದಿದ್ದಾರೆ. ವಿಕಿರಣ ಸುರಕ್ಷೆಯ ಲೇಖನದಲ್ಲಿ ಗುಜರಿ ಅಂಗಡಿ, ಹಳೇ ಯಂತ್ರ ಎಂದು ಪುಟ ತುಂಬಿಸಿದ್ದೇವಂತೆ. ಉಗ್ರರ ಕೈಗೆ ಬಾಂಬಿನ ಸಾಮಗ್ರಿ ಸಿಕ್ಕರೆ ಗತಿಯೇನು, ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಇನ್ನಷ್ಟು ಬಂದೂಕು ಬೇಕೆಂದು ಬರೆಯಬಾರದೇ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. 8 ಕೆ.ಜಿ. ಪ್ಲುಟೋನಿಯಂ ಕಾಣೆಯಾದರೆ ಬಾಂಬಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಲೆಕ್ಕ. ಅದನ್ನು ಕಾಯಲೇಬೇಕು. ಆದರೆ ಕಳುವಾದ ಬಾಂಬಿನಿಂದ ಇದುವರೆಗೆ ಒಬ್ಬರೂ ಸತ್ತಿಲ್ಲ. ಯಾರಿಗೂ ಬೇಡವಾದ ಯಂತ್ರದಿಂದ ಸತ್ತಿದ್ದಾರೆ.

ಬ್ರೆಜಿಲ್‌ನ ಗೊಯಾನಿಯಾದಲ್ಲಿ ಒಂದು ಚಿಕಿತ್ಸಾಲಯ ಜಾಗ ಖಾಲಿ ಮಾಡಿತು, ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಅಲ್ಲೇ ಬಿಟ್ಟಿತು. 1987ರಲ್ಲಿ ಅದನ್ನು ಗುಜರಿಗೆಂದು ಬಿಚ್ಚಿದವರಿಗೆ ಸಿಕ್ಕಿದ್ದು ಸುಮಾರು 93 ಗ್ರಾಂ ವಿಕಿರಣಶೀಲ ಸೀಸಿಯಂ ಕ್ಲೋರೈಡ್, ವಿಕಿರಣಶೀಲತೆಯ ಅಳತೆಯಲ್ಲಿ 1,375 ಕ್ಯೂರಿ. ಉಪ್ಪಿನಂಥ ಪುಡಿ, ನೀರಿನಲ್ಲಿ ಕರಗುತ್ತದೆ, ಕೈಗೆ ಬಟ್ಟೆಗೆ ಅಂಟುತ್ತದೆ. ಕತ್ತಲಲ್ಲಿ ನೀಲಿಯಾಗಿ ಹೊಳೆದದ್ದನ್ನು ನೆಂಟರಿಷ್ಟರು ಹಂಚಿಕೊಂಡರು. ನಾಲ್ವರು ಸತ್ತರು, 249 ಮಂದಿಗೆ ಆ ಪುಡಿ ತಗುಲಿತ್ತು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು.

ಅದು ಬ್ರೆಜಿಲ್ ಅನ್ನುತ್ತೀರಾ? ದೆಹಲಿಯ ಮಾಯಾಪುರಿಗೆ ಬನ್ನಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1970ರ ಸುಮಾರಿಗೆ ಕೆನಡಾದಿಂದ ತಂದಿದ್ದ ಗಾಮಾಸೆಲ್ ಎಂಬ ವಿಕಿರಣ ಯಂತ್ರ 1985ರಿಂದ ಮೂಲೆ ಸೇರಿತ್ತು. 2010ರ ಫೆಬ್ರುವರಿಯಲ್ಲಿ ಅದನ್ನು ಹಳೇ ಕಬ್ಬಿಣದಂತೆ ಹರಾಜು ಹಾಕಿದರು. ಗುಜರಿಯವರು ಸೀಸದ ಕವಚ ಕಿತ್ತು, ಒಳಗಿದ್ದ ಕೋಬಾಲ್ಟ್-60 ಸರಳುಗಳನ್ನು ಕತ್ತರಿಸಿದರು. ಒಬ್ಬರು ಸತ್ತರು, ಉಳಿದವರು ಸುಟ್ಟಗಾಯದೊಂದಿಗೆ ಆಸ್ಪತ್ರೆ ಸೇರಿದರು. ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಿಲ್ಲ: ಕೋಬಾಲ್ಟ್-60ರ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಅವಧಿ, 5.27 ವರ್ಷ; ನಲವತ್ತು ವರ್ಷದಲ್ಲಿ ಏಳೂವರೆ ಅರ್ಧಾಯು ಕಳೆದಿತ್ತು. ಮೊದಲಿದ್ದುದರ ಇನ್ನೂರನೇ ಒಂದು ಪಾಲಿನಷ್ಟು ಉಳಿದದ್ದೇ ಜೀವ ತೆಗೆಯಿತು. ಎಕ್ಸ್-ರೇ ಯಂತ್ರವಾದರೆ ಸ್ವಿಚ್ ಆರಿಸಿದೊಡನೆ ತಣ್ಣಗಾಗುತ್ತದೆ. ಇದಕ್ಕೆ ಸ್ವಿಚ್ಚೇ ಇಲ್ಲ.

ಗುಜರಿ ಕುಲುಮೆಗೆ ಹೋದರೆ ಇನ್ನೊಂದು ಪಜೀತಿ. ಕೋಬಾಲ್ಟ್ ಉಕ್ಕಿನೊಳಗೇ ಬೆರೆಯುತ್ತದೆ. 1984ರ ಜನವರಿಯಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬಳಿ ಕಟ್ಟಡದ ಕಂಬಿ ಹೊತ್ತ ಲಾರಿಯೊಂದು ವಿಕಿರಣದ ಅಲಾರಂ ಬಡಿಸಿದ್ದರಿಂದಷ್ಟೇ ಮೆಕ್ಸಿಕೋದ ಹುವಾರೆಸ್‌ನಲ್ಲಿ ಗುಜರಿ ಸೇರಿ ಕುಲುಮೆಗೆ ಹೋಗಿದ್ದ ಚಿಕಿತ್ಸಾ ಯಂತ್ರದ ಕಥೆ ಹೊರಬಿತ್ತು. ಸೀಸಿಯಂ ಹಾಗಲ್ಲ, ಅದು ಆವಿಯಾಗಿ ಹೊಗೆಯ ಧೂಳಿನಲ್ಲಿ ಕೂರುತ್ತದೆ. ಉಕ್ಕು ಪರೀಕ್ಷಿಸಿದವರಿಗೆ ಏನೂ ಕಾಣುವುದಿಲ್ಲ. ಗೇಟಿನಲ್ಲಿ ವಿಕಿರಣ ಮಾಪಕ ನಿಲ್ಲಿಸಿದರಾಯಿತಲ್ಲ ಎಂದರೆ, ಅದೂ ಅರ್ಧ ಭರವಸೆ. ಸೀಸಿಯಂ-137ರ ಗಾಮಾ ಕಿರಣ ಆರೂವರೆ ಮಿಲಿಮೀಟರ್ ಸೀಸ ಅಡ್ಡ ಬಂದರೆ ಅರ್ಧಕ್ಕಿಳಿಯುತ್ತದೆ. ಸೀಸದ ಕವಚದ ಸಮೇತ ಬಂದ ವಿಕಿರಣ ಮೂಲ (ವಿಕಿರಣ ಸೂಸುವ ವಸ್ತು) ಮಾಪಕದ ಮುಂದೆಯೇ ಸದ್ದಿಲ್ಲದೆ ಒಳಗೆ ಹೋಗಬಹುದು. ಕವಚ ಒಡೆದ ಮೇಲೆ ಕೂಗಿದರೇನು ಫಲ? ಆದರೆ ಸೀಸ ಭಾರ, ಹಾಗಾಗಿ ಗಾತ್ರಕ್ಕೆ ಮೀರಿದ ತೂಕವೇ ಗುಜರಿಯವನಿಗೆ ಮೊದಲ ಎಚ್ಚರಿಕೆ. ಅಂಥದ್ದು ಕಂಡರೆ ಕತ್ತರಿಸಬಾರದು, ಎಲ್ಲರೂ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ದೂರ ಇಮ್ಮಡಿಯಾದರೆ ಮೈಗೆ ತಗಲುವ ವಿಕಿರಣ ಕಾಲುಭಾಗಕ್ಕಿಳಿಯುತ್ತದೆ.

ಇನ್ನು ನಿಮ್ಮ ಕೈಗಾ. 2009ರ ನವೆಂಬರ್‌ನಲ್ಲಿ ಅಲ್ಲಿ ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹೆಚ್ಚಿದ್ದು ಪತ್ತೆಯಾಯಿತು. ಯಾರೋ ಕುಡಿಯುವ ನೀರಿನ ಕೂಲರ್‌ಗೆ ಸ್ಥಾವರದಲ್ಲಿ ಬಳಸುವ, ಟ್ರಿಟಿಯಂ ಬೆರೆತ ಭಾರಜಲ ಸುರಿದಿದ್ದರು. ಬೇಲಿ ಹಾರಿ ಬಂದವರಲ್ಲ, ಒಳಗೇ ಓಡಾಡುವವರ ಕೆಲಸವೆಂಬುದೇ ಅಧಿಕಾರಿಗಳ ಗುಮಾನಿ. ಅದನ್ನು ಹಿಡಿದದ್ದು ಬಂದೂಕಲ್ಲ, ವಾಡಿಕೆಯ ಮೂತ್ರ ಪರೀಕ್ಷೆ.

ನನ್ನ ತಕರಾರು ಇಲ್ಲಿದೆ. ನಮ್ಮ ಕಚೇರಿಗಳಲ್ಲಿ ಕುರ್ಚಿ, ಫ್ಯಾನು, ಯಂತ್ರ ಎಲ್ಲಕ್ಕೂ ಒಂದೇ ದಾಸ್ತಾನು ಪುಸ್ತಕ. ತಂದವರು ನಿವೃತ್ತರಾಗುತ್ತಾರೆ, ಬೀಗದ ಕೈ ಗುಮಾಸ್ತರ ಕೈಗೆ ಹೋಗುತ್ತದೆ, ಆಡಿಟ್‌ನವರು ಬಂದಾಗ ‘ನಿರುಪಯುಕ್ತ’ ಎಂಬ ಷರಾ ಬೀಳುತ್ತದೆ. ನಿಯಮ ಇಲ್ಲವೆಂದಲ್ಲ. 2004ರ ವಿಕಿರಣ ರಕ್ಷಣಾ ನಿಯಮಗಳಿವೆ: ಸುರಕ್ಷಾ ಅಧಿಕಾರಿ ಇರಬೇಕು, ಬಳಸಿ ಮುಗಿದ ಮೂಲವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆದು ಪೂರೈಕೆದಾರರಿಗೋ ಅಧಿಕೃತ ವಿಲೇವಾರಿ ಕೇಂದ್ರಕ್ಕೋ ಒಪ್ಪಿಸಬೇಕು. 1983ರಲ್ಲಿ ಹುಟ್ಟಿದ ಆ ಮಂಡಳಿಯನ್ನು 2012ರಲ್ಲಿ ಮಹಾಲೇಖಪಾಲರು ಕಟುವಾಗಿಯೇ ಟೀಕಿಸಿದ್ದರು; ಅಷ್ಟು ಹೊತ್ತಿಗೆ ಮಾಯಾಪುರಿ ನಡೆದು ಎರಡು ವರ್ಷವಾಗಿತ್ತು. ಕಾವಲಿಗೆ ಹಣ ಕೊಡಿ ಎಂದರೆ ಸರ್ಕಾರ ಕೊಡುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಲೆಕ್ಕ ಇಡುವ ಒಬ್ಬ ಗುಮಾಸ್ತನ ಹುದ್ದೆ ಕೇಳಿ ನೋಡಿ.

ನಿಮ್ಮಂಥವರ ಮಾತನ್ನು ಕಾಲೇಜುಗಳು ಇನ್ನೂ ಕೇಳುತ್ತವೆ. ನೀವು ಪಾಠ ಹೇಳಿದ ಕಾಲೇಜಿಗೆ ಹೋಗಿ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಪ್ರಯೋಗದ ಮೂಲಗಳನ್ನಿಟ್ಟ ಬೀರು ತೆಗೆಸಿ, ರಿಜಿಸ್ಟರಿನ ಸಂಖ್ಯೆಯೊಡನೆ ಒಂದೊಂದನ್ನೂ ತಾಳೆ ನೋಡಿ. ಅವು ಮೈಕ್ರೋಕ್ಯೂರಿಯ (ಕ್ಯೂರಿಯ ಹತ್ತು ಲಕ್ಷದಲ್ಲೊಂದು ಪಾಲು) ಲೆಕ್ಕದ ಸಣ್ಣ ಮೂಲಗಳು, ಗೊಯಾನಿಯಾದ ಮುಂದೆ ಏನೇನೂ ಅಲ್ಲ. ಆದರೂ ಎಷ್ಟು ತಾಳೆಯಾದವು ಎಂದು ಬರೆಯಿರಿ, ಅಚ್ಚು ಹಾಕುತ್ತೇವೆ.

— ಸಂ.