ಕಾಫಿ ತೋಟದ ಊರಿನವರಿಗೂ ಸ್ಕಾಲರ್‌ಶಿಪ್ ಬೇಕಾ?

ಕೊಡಗಿನಲ್ಲಿ ಎಲ್ಲರಿಗೂ ತೋಟ ಇರುತ್ತದಲ್ಲ, ಅಲ್ಲಿನ ಕಂಪ್ಯೂಟರ್ ಓದುವ ಮಕ್ಕಳಿಗೆ ದುಡ್ಡಿನ ಸಹಾಯ ಯಾಕೆ ಅಂತ ಕೇಳಿದ್ದೀರಿ. ಬೇಜಾರೇನಿಲ್ಲ, ಹೊರಗಿನವರು ಹೆಚ್ಚಾಗಿ ಕೇಳುವುದೇ ಇದನ್ನು. ನೀವು ಬಂದು ನೋಡಿರುವುದು ಹೋಮ್‌ಸ್ಟೇ ಮುಂದಿನ ತೋಟ. ಅದರ ಹಿಂದಿನ ಲೈನ್ ಮನೆಗಳ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳ ಕಡೆ ಯಾರೂ ಕರೆದುಕೊಂಡು ಹೋಗುವುದಿಲ್ಲ.

ನಾನು ಕೊಡಗಿನ ಗಡಿಯ ಕುಟ್ಟದ ಕಡೆಯವನು. ನಮಗೆ ಮಡಿಕೇರಿಗಿಂತ ಕೇರಳದ ಮಾನಂದವಾಡಿ ಹತ್ತಿರ. ಇಲ್ಲಿ ತೋಟ ಇರುವವರಲ್ಲೂ ಜಾಸ್ತಿ ಜನ ಸಣ್ಣ ಬೆಳೆಗಾರರು. 10 ಹೆಕ್ಟೇರ್ ಒಳಗಿನವರೆಲ್ಲ ಸಣ್ಣವರು ಅಂತ ಕಾಫಿ ಮಂಡಳಿಯ ಲೆಕ್ಕ. ಆದರೆ ಎರಡು ಮೂರು ಎಕರೆಯಲ್ಲೇ ಮನೆ ನಡೆಸುವವರು ಎಷ್ಟೋ ಮಂದಿ. ಇತ್ತೀಚೆಗೆ ರೋಬಸ್ಟಾ ಕಾಫಿಗೆ ಒಳ್ಳೆ ರೇಟು ಬಂತು, ನಿಜ. ಆದರೆ ಕಾಫಿ ದುಡ್ಡು ಕೈಗೆ ಬರುವುದು ವರ್ಷಕ್ಕೊಂದು ಸಲ, ಕೊಯ್ಲು ಮುಗಿದ ಮೇಲೆ. ಕಾಲೇಜಿನ ಫೀಸು, ಹಾಸ್ಟೆಲ್ ಅಡ್ವಾನ್ಸು ಕಟ್ಟಬೇಕಾದ್ದು ಮಳೆಗಾಲದಲ್ಲಿ. ಆಗ ಕೈಯಲ್ಲಿ ಏನೂ ಇರುವುದಿಲ್ಲ. ಮುಂದಿನ ಬೆಳೆಯ ಮೇಲೆ ವ್ಯಾಪಾರಿಯ ಹತ್ತಿರ ಮುಂಗಡ ತಂದು ಮಗಳನ್ನು ಕಾಲೇಜಿಗೆ ಸೇರಿಸುವವರಿದ್ದಾರೆ.

ಲೈನ್ ಮನೆಯ ಕಥೆಯೇ ಬೇರೆ. ಅಲ್ಲಿ ಎರವರು, ಜೇನು ಕುರುಬರು, ತಮಿಳು ಮಲಯಾಳಂ ಮಾತಾಡುವವರು ಇದ್ದಾರೆ. ಪಿಯುಸಿ ಮುಗಿಸಿದ ಹುಡುಗನೇ ಮನೆಗೆ ಮೊದಲ ಓದಿದವನು. ಎರವರು, ಜೇನು ಕುರುಬರಂಥ ಪರಿಶಿಷ್ಟ ಪಂಗಡದವರಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪೂ ಇದೆ, ಸರ್ಕಾರಿ ಹಾಸ್ಟೆಲೂ ಇದೆ. ಆದರೆ ಅರ್ಜಿ ಹಾಕಿಸುವವರು ಯಾರು? ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ನಾಡಕಚೇರಿಗೆ ಒಂದು ದಿನ ಹೋದರೆ ಆ ದಿನದ ಕೂಲಿ ಇಲ್ಲ.

ಓದುವ ಫೀಸೇ ದೊಡ್ಡ ಕಷ್ಟ ಅಂತ ನೀವು ಅಂದುಕೊಂಡಿರಬಹುದು. ಎಲ್ಲರಿಗೂ ಹಾಗಲ್ಲ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ. ಮನೆಯ ವರಮಾನ 8 ಲಕ್ಷದ ಒಳಗಿದ್ದರೆ ಶೇ. 5ರಷ್ಟು ಹೆಚ್ಚುವರಿ ಸೀಟುಗಳಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಖಾಸಗಿಯದ್ದಿದೆ. ಬಿಸಿಎ ಓದಲು ಗೋಣಿಕೊಪ್ಪಲು, ಮಡಿಕೇರಿ ಇವೆ. ಆದರೆ ಹೆಚ್ಚಿನವರು ಮೈಸೂರು, ಮಂಗಳೂರಿಗೆ ಹೋಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ದಿನಾ ಹೋಗಿ ಬರುವ ಮಾತೇ ಇಲ್ಲ. ಹಾಗಾಗಿ ಮೆಸ್ ಬಿಲ್ಲು, ರೂಮಿನ ಬಾಡಿಗೆ, ಒಂದು ಲ್ಯಾಪ್‌ಟಾಪ್ ಇವೇ ಮನೆಯವರನ್ನು ಹಿಂಡುವುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಒಂದು ಸಣ್ಣ ಮೊತ್ತದಂತೆ ಹತ್ತು ತಿಂಗಳು ಕೊಡುತ್ತಾರೆ. ಮೈಸೂರಿನಲ್ಲಿ ಅಷ್ಟಕ್ಕೆ ಊಟ ಆಗುತ್ತಾ, ನೀವೇ ಹೇಳಿ.

ಹುಡುಗಿಯರಿಗೆ ಸಹಾಯದ ದಾರಿಗಳು ಸ್ವಲ್ಪ ಜಾಸ್ತಿ. ಬಿ.ಇ. ಇಲ್ಲವೇ ಡಿಪ್ಲೊಮಾ ಸೇರಿದವರಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆ ವರ್ಷಕ್ಕೆ 50,000 ಕೊಡುತ್ತದೆ. ವರಮಾನದ ಮಿತಿ ಅಲ್ಲೂ 8 ಲಕ್ಷ. ನನ್ನ ಪ್ರಕಾರ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಉಪಯೋಗದ್ದು ಇದೇ. ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದವರಿಗೆ ಕೇಂದ್ರದ ಇನ್ನೊಂದು ಯೋಜನೆಯಲ್ಲಿ ವರ್ಷಕ್ಕೆ 12,000 ಸಿಗುತ್ತದೆ. ಬಿಸಿಎ ಓದುವ ಹುಡುಗ, ಅಂಕ ಸಾಧಾರಣ ಅಂದರೆ ಅವನಿಗೆ ಇಷ್ಟು ಬಾಗಿಲುಗಳಿಲ್ಲ.

ಇನ್ನು ಕಾಗದ ಪತ್ರ. ರಾಜ್ಯದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಥರ ಇರಬೇಕು. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಶಾಲೆಯಲ್ಲಿ ಅದನ್ನು ಇನಿಷಿಯಲ್ ಮಾಡಿ ಹಿಂದೆ ಹಾಕಿರುತ್ತಾರೆ, ಆಧಾರ್‌ನಲ್ಲಿ ಪೂರ್ತಿ ಬರೆದಿರುತ್ತಾರೆ. ಅಲ್ಲಿಗೆ ಅರ್ಜಿ ನಿಂತಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ಕಾಗದವೂ ಹೋದವರು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾಯಿತು.

ಜಮೀನಿನ ವಿಷಯ ಇನ್ನೂ ಗೋಜಲು. ರೈತರ ಮಕ್ಕಳಿಗೆ ಅಂತ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಯಿತು. ಅದಕ್ಕೆ ರೈತನ ಎಫ್‌ಐಡಿ, ಅಂದರೆ ರೈತರ ನೋಂದಣಿ ನಂಬರ್ ಬೇಕಿತ್ತು, ಎಫ್‌ಐಡಿಗೆ ಆರ್‌ಟಿಸಿ, ಅಂದರೆ ಪಹಣಿ ಬೇಕು. ತಲೆಮಾರಿನಿಂದ ಬಂದ ನಮ್ಮ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಒಕ್ಕದ, ಅಂದರೆ ಮನೆತನದ ಹಿರಿಯರ ಹೆಸರೇ ಸಾಲಾಗಿ ಇರುತ್ತದೆ, ಅವರಲ್ಲಿ ತೀರಿಹೋದವರೂ ಇರುತ್ತಾರೆ. ಆ ಎರಡು ಎಕರೆಯಲ್ಲಿ ಗೇಯುವ ಅಪ್ಪನ ಹೆಸರು ಹುಡುಕಬೇಕು.

ಗಡಿಯವರಿಗೆ ಇನ್ನೊಂದು ತಾಪತ್ರಯ. ಹತ್ತಿರ ಅಂತ ಮಕ್ಕಳನ್ನು ವಯನಾಡಿನ ಶಾಲೆಗೆ ಕಳಿಸಿರುತ್ತಾರೆ. ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ಸಿಇಟಿ ನಿಯಮ ಗೊತ್ತಾಗುವುದು ಪಿಯುಸಿ ಮುಗಿದ ಮೇಲೆ.

ನೀವು ಹತ್ತು ಮಕ್ಕಳಿಗೆ ಸಹಾಯ ಮಾಡಬೇಕು ಅಂತಿದ್ದೀರಲ್ಲ, ಅದಕ್ಕೆ ನನ್ನದು ಇಷ್ಟೇ. ಆದಾಯ ಪ್ರಮಾಣಪತ್ರವನ್ನು ಮಾತ್ರ ನೋಡಿ ಆರಿಸಬೇಡಿ, ಕಾಲೇಜಿನ ಮೇಷ್ಟರನ್ನೂ ತೋಟದ ಲೆಕ್ಕ ಬರೆಯುವ ರೈಟರನ್ನೂ ಕೇಳಿ. ದುಡ್ಡು ಕೊಡುವುದಾದರೆ ಆಗಸ್ಟಿನಲ್ಲಿ ಕೊಡಿ, ಮಾರ್ಚಿನಲ್ಲಿ ಅಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಬರುತ್ತಿದೆ ಅಂತ ಹೆಸರು ತೆಗೆಯಬೇಡಿ, ಮೆಸ್ ಬಿಲ್ಲಿಗೆ ಅದು ಸಾಲುವುದಿಲ್ಲ. ಅರ್ಜಿಯನ್ನು ಒಟಿಪಿ ಮೇಲೆ ನಿಲ್ಲಿಸಬೇಡಿ. ಮಗಳು ಮೈಸೂರಿನಲ್ಲಿ, ಫೋನು ಅಪ್ಪನ ಹತ್ತಿರ, ಅಪ್ಪ ಸಿಗ್ನಲ್ ಇಲ್ಲದ ತೋಟದಲ್ಲಿ. ಲ್ಯಾಪ್‌ಟಾಪ್ ಕೊಡುವ ಯೋಚನೆ ಇದ್ದರೆ ಬ್ಯಾಟರಿ ಗಟ್ಟಿ ಇರುವುದನ್ನು ನೋಡಿ. ಜುಲೈನಲ್ಲಿ ಮರ ಬಿದ್ದರೆ ನಮ್ಮ ಕಡೆ ಕರೆಂಟು ಎರಡು ಮೂರು ದಿನ ಬರದೇ ಇರುವುದು ಮಾಮೂಲು.